ಎರಿಕ್ ಲಿಂಡ್ರೋಸ್‌ನ 440ನೇ ನಂಬರ್ ಕಾರ್ಡು, ಮತ್ತು ಅವನ ಬಗ್ಗೆ ನನ್ನ ವಾದ

ಐಸ್ ಹಾಕಿ ಆಟಗಾರ ಎರಿಕ್ ಲಿಂಡ್ರೋಸ್‌ನ ರೂಕಿ ಕಾರ್ಡು, ಅಂದರೆ ಸಂಗ್ರಹಕ್ಕೆ ಅಂತ ಮಾರುವ ಆಟಗಾರರ ಚಿತ್ರದ ಕಾರ್ಡುಗಳಲ್ಲಿ ಅವನ ಮೊದಲನೆಯದು, ಇವತ್ತು ತುಂಬಾ ಅಗ್ಗ. ಕೆನಡಾದ ಕಾಫಿ ಅಂಗಡಿ ಟಿಮ್ ಹಾರ್ಟನ್ಸ್‌ನಲ್ಲಿ ಒಂದು ಕಾಫಿ, ಒಂದು ಡೋನಟ್ ತಗೊಳ್ಳೋ ದುಡ್ಡಿಗೆ ಸಿಗುತ್ತದೆ. ಆದರೂ ನನ್ನ ಬೈಂಡರ್‌ನಲ್ಲಿರೋ ಕಾರ್ಡುಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಟ್ಟು ಹುಡುಕಿದ್ದು ಇದನ್ನೇ. ಯಾರಿಗೆ ತೋರಿಸಿದರೂ ಮಾತು ಬಿಸಿಯಾಗುವುದು ಕೂಡ ಇದರಿಂದಲೇ. ಒಬ್ಬರು "ಇವನು ಅಹಂಕಾರಿ" ಅನ್ನುತ್ತಾರೆ, ಇನ್ನೊಬ್ಬರು "ಇವನಷ್ಟು ಅನ್ಯಾಯ ಯಾರಿಗೂ ಆಗಿಲ್ಲ" ಅನ್ನುತ್ತಾರೆ. ನಾನು ಎರಡನೇ ಗುಂಪಿಗೆ ಹತ್ತಿರ. ಯಾಕೆ ಅನ್ನುವುದನ್ನೂ ಹೇಳುತ್ತೇನೆ, ಒಳ್ಳೆ ಕಾರ್ಡು ಹೇಗೆ ಹುಡುಕಿದೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಐಸ್ ಹಾಕಿ. ಹಾಕಿ ಅಂದರೆ ನಮಗೆ ಕೊಡಗು ನೆನಪಾಗುತ್ತದೆ, ಕೊಡವ ಕುಟುಂಬಗಳ ಹಾಕಿ ಹಬ್ಬ ನೆನಪಾಗುತ್ತದೆ. ಕೆನಡಾದಲ್ಲಿ ಮಾತ್ರ ಸುಮ್ನೆ ಹಾಕಿ ಅಂದರೆ ಐಸ್ ಮೇಲಿನ ಆಟವೇ. ನಾನು ಕೆಲಸಕ್ಕೆ ಅಂತ ಟೊರಾಂಟೊ ಕಡೆ ಬಂದೆ, ಮಿಸ್ಸಿಸಾಗಾದಲ್ಲಿ ಇರುತ್ತೇನೆ. ಇಲ್ಲಿ ಚಳಿಗಾಲದ ಮಾತೆಲ್ಲ ಹಾಕಿಯದ್ದೇ, ಆ ಮಾತಿಗೆ ಸೇರಿಕೊಳ್ಳಬೇಕು ಅನ್ನಿಸಿತು. ಟಿಮ್ ಹಾರ್ಟನ್ಸ್‌ನವರು ಪ್ರತಿ ಸೀಸನ್ ಶುರುವಾದಾಗ ಅಪ್ಪರ್ ಡೆಕ್ ಕಂಪನಿಯ ಹಾಕಿ ಕಾರ್ಡುಗಳ ಸಣ್ಣ ಪ್ಯಾಕ್ ಮಾರುತ್ತಾರೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಅದನ್ನು ಬಿಚ್ಚಿ ಬದಲಾಯಿಸಿಕೊಳ್ಳುತ್ತಿದ್ದರು, ನಾನೂ ಸೇರಿಕೊಂಡೆ. ಅಲ್ಲಿಂದ ಹಳೆ ಕಾರ್ಡುಗಳ ಕಡೆ ಮನಸ್ಸು ಹೋಯಿತು. ವೇಯ್ನ್ ಗ್ರೆಟ್ಸ್ಕಿಯ 1979ರ ಓ-ಪೀ-ಚೀ ಕಂಪನಿಯ ಕಾರ್ಡು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅದರ ಅತ್ಯುತ್ತಮ ಪ್ರತಿ 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದಕ್ಕಿಂತ ಮುಖ್ಯವಾಗಿ, ಗ್ರೆಟ್ಸ್ಕಿ ದೊಡ್ಡ ಆಟಗಾರ ಅಂದರೆ ಇಲ್ಲ ಅನ್ನುವವರು ಯಾರೂ ಇಲ್ಲ. ಮಾತಾಡಲು ಏನಿದೆ ಅಲ್ಲಿ? ನನಗೆ ಬೇಕಿದ್ದದ್ದು ಜನ ಇನ್ನೂ ಕಿತ್ತಾಡುವ ಆಟಗಾರ. ಯಾರನ್ನು ಕೇಳಿದರೂ ಒಂದೇ ಹೆಸರು ಬಂತು.

ಲಿಂಡ್ರೋಸ್ ಹುಟ್ಟಿದ್ದು 1973ರ ಫೆಬ್ರವರಿ 28ರಂದು, ಒಂಟಾರಿಯೊದ ಲಂಡನ್ ಊರಿನಲ್ಲಿ. ಆರು ಅಡಿ ನಾಲ್ಕು ಇಂಚು ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಅಷ್ಟು ದೊಡ್ಡ ಆಳುಗಳು ಸಾಮಾನ್ಯವಾಗಿ ಡಿಕ್ಕಿ ಹೊಡೆಯುವುದಕ್ಕೆ, ಜಗಳಕ್ಕೆ ಇರುತ್ತಿದ್ದರು. ಇವನು ಆ ಮೈ ಇಟ್ಟುಕೊಂಡೇ ಸಣ್ಣ ಆಳಿನ ಹಾಗೆ ಸ್ಕೇಟ್ ಮಾಡುತ್ತಿದ್ದ, ಪಾಸ್ ಕೊಡುತ್ತಿದ್ದ, ಗೋಲು ಹೊಡೆಯುತ್ತಿದ್ದ. ಹದಿನಾರು ಹದಿನೇಳು ವಯಸ್ಸಿಗೇ ಪತ್ರಿಕೆಗಳು ಇವನನ್ನು ಮುಂದಿನ ಗ್ರೆಟ್ಸ್ಕಿ ಅಂತ ಕರೆಯಲು ಶುರು ಮಾಡಿದವು. 1990ರಲ್ಲಿ ಒಶಾವಾ ಜನರಲ್ಸ್ ತಂಡದ ಜೊತೆ ಜೂನಿಯರ್ ಹಾಕಿಯ ಮೆಮೋರಿಯಲ್ ಕಪ್ ಗೆದ್ದ. ಆಗ ಅವನಿಗೆ 17.

ಅದೇ 1990ರಲ್ಲಿ ಕಾರ್ಡು ವ್ಯಾಪಾರಕ್ಕೆ ಹುಚ್ಚು ಹಿಡಿದಿತ್ತು. ಅಲ್ಲಿಯವರೆಗೆ ಹಾಕಿ ಕಾರ್ಡು ಅಂದರೆ ಓ-ಪೀ-ಚೀ ಮತ್ತು ಟಾಪ್ಸ್. ಆ ವರ್ಷ ಸ್ಕೋರ್, ಪ್ರೋ ಸೆಟ್, ಅಪ್ಪರ್ ಡೆಕ್ ಎಲ್ಲ ಒಟ್ಟಿಗೆ ಹಾಕಿಗೆ ನುಗ್ಗಿದವು. ಹಳೆ ಬೇಸ್‌ಬಾಲ್ ಕಾರ್ಡುಗಳಿಗೆ ಸಾವಿರಾರು ಡಾಲರ್ ಬೆಲೆ ಬರುತ್ತಿದ್ದದ್ದನ್ನು ನೋಡಿ ಜನ ಹೊಸ ಕಾರ್ಡುಗಳನ್ನು ಬಾಕ್ಸುಗಟ್ಟಲೆ ಕೊಂಡು ಅಟ್ಟದ ಮೇಲೆ, ಬೇಸ್‌ಮೆಂಟಿನಲ್ಲಿ ಇಟ್ಟರು. ಮುಂದೆ ಮಕ್ಕಳ ಕಾಲೇಜು ಫೀಸಿಗೆ ಆಗುತ್ತದೆ ಅಂತ ನಂಬಿದ್ದರು. ಕಂಪನಿಗಳು ಬೇಡಿಕೆ ಇದ್ದಷ್ಟೂ ಅಚ್ಚು ಹಾಕಿದವು. ಹಳೆ ಕಾರ್ಡು ದುಬಾರಿ ಆಗಿದ್ದೇ ಜನ ಅದನ್ನು ಕಸ ಅಂತ ಬಿಸಾಕಿದ್ದರಿಂದ. ಯಾರೂ ಬಿಸಾಕದ ಕಾರ್ಡು ಹೇಗೆ ದುಬಾರಿ ಆಗುತ್ತದೆ? ಆ ಕಾಲದ ಕಾರ್ಡುಗಳಿಗೆ ಇಲ್ಲಿಯವರು ಜಂಕ್ ವ್ಯಾಕ್ಸ್, ಅಂದರೆ ಕಸದ ಮೇಣ, ಅನ್ನುತ್ತಾರೆ. ಹಿಂದೆ ಪ್ಯಾಕುಗಳ ಹೊದಿಕೆ ಮೇಣ ಸವರಿದ ಕಾಗದದ್ದು, ಹೆಸರು ಅದರಿಂದ.

ಸ್ಕೋರ್ ಕಂಪನಿ ಒಂದು ಚಾಲಾಕಿ ಕೆಲಸ ಮಾಡಿತು. ಇನ್ನೂ ಜೂನಿಯರ್ ಆಡುತ್ತಿದ್ದ ಲಿಂಡ್ರೋಸ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ 1990-91ರ ಸೆಟ್ಟಿನ ಕಟ್ಟಕಡೆಯ ಕಾರ್ಡು, 440ನೇ ನಂಬರು, ಅವನಿಗೆ ಕೊಟ್ಟಿತು. ಅದರ ಮೇಲೆ "ಫ್ಯೂಚರ್ ಸೂಪರ್‌ಸ್ಟಾರ್" ಅಂತ ಬರೆಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಒಮ್ಮೆ ಟೊರಾಂಟೊ ಬ್ಲೂ ಜೇಸ್ ಬೇಸ್‌ಬಾಲ್ ತಂಡದ ಜೊತೆ ಬ್ಯಾಟಿಂಗ್ ಅಭ್ಯಾಸ ಮಾಡಿದ್ದನ್ನೇ ನೆಪ ಮಾಡಿಕೊಂಡು ಅವನಿಗೆ ಒಂದು ಬೇಸ್‌ಬಾಲ್ ಕಾರ್ಡು ಕೂಡ ತಂದಿತು. ಜನ ಅದಕ್ಕೂ ಮುಗಿಬಿದ್ದರು. ವೃತ್ತಿಪರ ಬೇಸ್‌ಬಾಲ್ ಒಂದು ಪಂದ್ಯವನ್ನೂ ಆಡದವನ ಬೇಸ್‌ಬಾಲ್ ಕಾರ್ಡು! ಆ ಹುಡುಗನ ಮೇಲೆ ಎಷ್ಟು ನಿರೀಕ್ಷೆ ಹೇರಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲೇ ಮೊದಲ ತಕರಾರು ಬರುತ್ತದೆ. 440 ನಿಜವಾಗಿ ರೂಕಿ ಕಾರ್ಡಾ? ಎನ್‌ಎಚ್‌ಎಲ್ ಅಂದರೆ ಇಲ್ಲಿಯ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗು, ಡ್ರಾಫ್ಟ್ ಅಂದರೆ ಅದರ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಲಿಂಡ್ರೋಸ್‌ನನ್ನು ಆ ಡ್ರಾಫ್ಟ್‌ನಲ್ಲಿ ಆರಿಸಿದ್ದು 1991ರಲ್ಲಿ. ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿದ್ದು 1992ರ ಅಕ್ಟೋಬರಿನಲ್ಲಿ. ಅಂದರೆ ಕಾರ್ಡು ಬಂದು ಎರಡು ವರ್ಷ ಆದ ಮೇಲೆ. ಈಗಿನ ನಿಯಮದಲ್ಲಿ ಹುಡುಗ ಎನ್‌ಎಚ್‌ಎಲ್ ಪಂದ್ಯ ಆಡುವವರೆಗೆ ರೂಕಿ ಕಾರ್ಡು ಬರುವ ಹಾಗಿಲ್ಲ, ಅದಕ್ಕೇ ಅಪ್ಪರ್ ಡೆಕ್‌ನ ಯಂಗ್ ಗನ್ಸ್ ಅನ್ನೋ ರೂಕಿ ಕಾರ್ಡುಗಳಿಗೆ ಅಷ್ಟು ಬೆಲೆ. ಕೆಲವರು 1992-93ರ ಕಾರ್ಡೇ ಸರಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಕಂಪನಿ, ಎಲ್ಲೆಡೆ ಮಾರಿದ ಪೂರ್ತಿ ಎನ್‌ಎಚ್‌ಎಲ್ ಸೆಟ್ಟು, ಅದರಲ್ಲಿ ಅವನ ಮೊದಲ ಕಾರ್ಡು. ಬೆಲೆಪಟ್ಟಿ ಮಾಡುವವರೂ ಇದನ್ನೇ ರೂಕಿ ಅಂತ ಗುರುತಿಸುತ್ತಾರೆ. ಇನ್ನೊಂದು ಕಾರಣ ನನ್ನದು. ಅವನ ಕಥೆ ಶುರುವಾಗಿದ್ದೇ ಎನ್‌ಎಚ್‌ಎಲ್‌ಗೆ ಬರುವ ಮುಂಚೆ. ಆ ಕಥೆಯ ನಿಜವಾದ ದಾಖಲೆ 440, 1992ರ ಕಾರ್ಡಲ್ಲ.

ಈಗ ಹುಡುಕಾಟ. ಅಗ್ಗದ ಕಾರ್ಡು ಹುಡುಕುವುದು ಸುಲಭ ಅಂತ ಅನ್ನಿಸಬಹುದು. ಸಿಗುವುದು ಸುಲಭ, ಒಳ್ಳೆಯದು ಸಿಗುವುದು ಕಷ್ಟ. ಅಗ್ಗ ಅಂತ ಗೊತ್ತಾದ ಮೇಲೆ ಜನ ಅದನ್ನು ಜೋಪಾನ ಮಾಡಲಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಇಟ್ಟರು, ಒದ್ದೆ ಬೇಸ್‌ಮೆಂಟಿನಲ್ಲಿ ಬಿಟ್ಟರು. ಮಿಸ್ಸಿಸಾಗಾದ ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ವರ್ಷಕ್ಕೆ ಎರಡು ಸಲ ದೊಡ್ಡ ಕಾರ್ಡ್ ಎಕ್ಸ್‌ಪೋ ನಡೆಯುತ್ತದೆ. ನನಗೆ ಅದು ಮನೆ ಹತ್ತಿರ. ಬಾಗಿಲ ಬಳಿ ಇರುವ ದೊಡ್ಡ ಟೇಬಲುಗಳಲ್ಲಿ ಈಚಿನ ತಾರೆಗಳಾದ ಕ್ರಾಸ್ಬಿ, ಮೆಕ್‌ಡೇವಿಡ್, ಬೆಡಾರ್ಡ್ ಗಾಜಿನ ಕೆಳಗೆ ಕೂತಿರುತ್ತಾರೆ. ನಾನು ನೇರ ಹಿಂದಿನ ಸಾಲಿಗೆ ಹೋಗುತ್ತಿದ್ದೆ. ಅಲ್ಲಿ ಡಾಲರ್ ಬಾಕ್ಸ್ ಇರುತ್ತವೆ, ಉದ್ದನೆಯ ರಟ್ಟಿನ ಡಬ್ಬಗಳು, ಒಳಗೆ ಸಾವಿರಾರು ಕಾರ್ಡು, ಯಾವುದು ತಗೊಂಡರೂ ಒಂದು ಡಾಲರ್. ಲಿಂಡ್ರೋಸ್ 440 ಪ್ರತಿ ಡಬ್ಬದಲ್ಲೂ ಇರುತ್ತಿತ್ತು, ಕೆಲವು ಕಡೆ ಒಂದೇ ಡಬ್ಬದಲ್ಲಿ ಎಷ್ಟೋ ಪ್ರತಿ.

ಅಲ್ಲಿ ನಾನು ನೋಡುತ್ತಿದ್ದದ್ದು ಇಷ್ಟು. ಮೊದಲು ಸೆಂಟರಿಂಗ್. ಚಿತ್ರದ ಸುತ್ತ ಇರೋ ಅಂಚು ಎಡಕ್ಕೂ ಬಲಕ್ಕೂ ಒಂದೇ ಅಗಲ ಇದೆಯಾ, ಮೇಲೂ ಕೆಳಗೂ ಸಮ ಇದೆಯಾ. ಆ ಕಾಲದಲ್ಲಿ ಅಷ್ಟು ಜಾಸ್ತಿ, ಅಷ್ಟು ಬೇಗ ಅಚ್ಚು ಹಾಕಿ ಕತ್ತರಿಸಿದ್ದಾರೆ, ಹಾಗಾಗಿ ಬಹಳಷ್ಟು ಕಾರ್ಡು ಒಂದು ಕಡೆಗೆ ವಾಲಿರುತ್ತವೆ. ಬರೀ ಇದರಲ್ಲೇ ಮುಕ್ಕಾಲು ಪಾಲು ಪಕ್ಕಕ್ಕೆ ಹೋಗುತ್ತವೆ. ಆಮೇಲೆ ನಾಲ್ಕು ಮೂಲೆ. ಮೂಲೆ ಬೆಳ್ಳಗೆ ಸವೆದಿದ್ದರೆ ಬೇಡ. ಆಮೇಲೆ ಕಾರ್ಡನ್ನು ಓರೆಯಾಗಿ ದೀಪಕ್ಕೆ ಹಿಡಿದು ಮೇಲ್ಮೈ ನೋಡಬೇಕು. ನೇರವಾಗಿ ನೋಡಿದರೆ ಗೀರು ಕಾಣುವುದಿಲ್ಲ, ಓರೆ ಬೆಳಕಿನಲ್ಲಿ ಥಟ್ ಅಂತ ಕಾಣುತ್ತದೆ. ಮುಖದ ಮೇಲೆ ಸಣ್ಣ ಶಾಯಿ ಚುಕ್ಕೆ ಬಿದ್ದಿದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ಕೊನೆಗೆ ಹಿಂಭಾಗ. ಒಂದರ ಮೇಲೊಂದು ಒತ್ತಿ ಇಟ್ಟ ಕಾರ್ಡುಗಳು ತೇವಕ್ಕೆ ಅಂಟಿಕೊಂಡಿರುತ್ತವೆ, ಬಿಡಿಸಿದಾಗ ಹೊಳಪು ಕಿತ್ತು ಬರುತ್ತದೆ. ಅಂಗಡಿಯವರ ಮುಂದೆ ಇಷ್ಟೆಲ್ಲ ನೋಡಿದರೆ ತಪ್ಪು ತಿಳಿದುಕೊಳ್ಳುತ್ತಾರೆ ಅನ್ನೋ ಸಂಕೋಚ ಬೇಡ. ಅಂಚು ಹಿಡಿದು, ಬೆರಳು ತಾಗಿಸದೆ ನೋಡಿದರೆ ಅವರಿಗೇ ಖುಷಿ.

ಹಿಂಭಾಗ ನೋಡಲು ಇನ್ನೊಂದು ಕಾರಣ ಇದೆ, ನನಗೆ ಇದು ತುಂಬಾ ಮುಖ್ಯ. ಸ್ಕೋರ್ ಆ ವರ್ಷ ಎರಡು ಬಗೆ ತಂದಿತ್ತು, ಒಂದು ಅಮೆರಿಕಕ್ಕೆ, ಒಂದು ಕೆನಡಾಕ್ಕೆ. ಅಮೆರಿಕದ್ದರ ಹಿಂದೆ ಬರೀ ಇಂಗ್ಲಿಷ್. ಕೆನಡಾದ್ದರ ಹಿಂದೆ ಇಂಗ್ಲಿಷ್ ಜೊತೆ ಫ್ರೆಂಚ್ ಇದೆ. ನನಗೆ ಬೇಕಿದ್ದದ್ದು ಕೆನಡಾದ್ದು. ಆನ್‌ಲೈನ್ ಮಾರುವವರು ಬಹಳ ಸಲ ಮುಂಭಾಗದ ಫೋಟೊ ಮಾತ್ರ ಹಾಕುತ್ತಾರೆ. ಹಿಂಭಾಗದ ಫೋಟೊ ಕೇಳದೆ ನಾನು ಏನನ್ನೂ ಕೊಳ್ಳುವುದಿಲ್ಲ.

ಕೊನೆಗೆ ನನಗೆ ಬೇಕಾದ ಪ್ರತಿ ಸಿಕ್ಕಿದ್ದು ಡಾಲರ್ ಬಾಕ್ಸಿನಲ್ಲೂ ಅಲ್ಲ, ಆನ್‌ಲೈನಿನಲ್ಲೂ ಅಲ್ಲ. ಹತ್ತಿರದ ಊರಿನಲ್ಲಿ ವಯಸ್ಸಾದ ದಂಪತಿ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದರು. ಬೇಸ್‌ಮೆಂಟ್ ಖಾಲಿ ಮಾಡುವಾಗ ಮಗನ ಹಳೆ ಕಾರ್ಡುಗಳ ಡಬ್ಬ ಮಾರಾಟಕ್ಕಿಟ್ಟಿದ್ದರು. ಅದರಲ್ಲಿ ಕೆನಡಾದ ಸ್ಕೋರ್ ಸೆಟ್ಟು ಪೂರ್ತಿಯಾಗಿ, ಬಿಸಿಲು ಕಾಣದೆ, ಹಾಳೆಗಳಲ್ಲಿ ಜೋಡಿಸಿ ಇತ್ತು. ಆ ಹುಡುಗ ಯಾರೋ, ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದ. ಇಡೀ ಸೆಟ್ಟು ಕೊಂಡೆ. 440 ಅಂಚು ಸಮ, ಮೂಲೆ ಚೂಪು. ಮನೆಗೆ ತಂದು ಮೆತ್ತನೆ ಪ್ಲಾಸ್ಟಿಕ್ ಸ್ಲೀವ್‌ನಲ್ಲಿ ಹಾಕಿ, ಅದರ ಮೇಲೆ ಟಾಪ್‌ಲೋಡರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕವಚ ಹಾಕಿದೆ. ಸ್ಲೀವ್ ಇಲ್ಲದೆ ನೇರವಾಗಿ ಟಾಪ್‌ಲೋಡರ್‌ಗೆ ತುರುಕಬೇಡಿ, ಒಳಗೆ ಉಜ್ಜಿ ಗೀರು ಬೀಳುತ್ತದೆ. ಬೈಂಡರ್ ಹಾಳೆ ಕೊಳ್ಳುವಾಗ ಪಿವಿಸಿ ಇಲ್ಲದ್ದನ್ನೇ ನೋಡಿ ತಗೊಳ್ಳಿ. ಪಿವಿಸಿ ಹಾಳೆ ವರ್ಷಗಳು ಕಳೆದ ಹಾಗೆ ಕಾರ್ಡಿಗೆ ಅಂಟುತ್ತದೆ.

ಗ್ರೇಡಿಂಗಿಗೆ ಕಳಿಸಲಿಲ್ಲ. ಪಿಎಸ್‌ಎ ಥರದ ಕಂಪನಿಗಳು ಕಾರ್ಡು ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. ಮಾರುವವರಿಗೆ ಅದು ಬೇಕು. ಈ ಕಾರ್ಡಿಗೆ ಗ್ರೇಡಿಂಗ್ ಖರ್ಚೇ ಕಾರ್ಡಿನ ಬೆಲೆಗಿಂತ ಎಷ್ಟೋ ಪಟ್ಟು. ನಾನು ಮಾರುವುದಿಲ್ಲ. ಹಿಂಭಾಗ ತಿರುಗಿಸಿ ಓದಲು ಕೈಗೆ ಸಿಗಬೇಕು, ಅಷ್ಟೇ.

ಆ ಹಿಂಭಾಗದ ಫ್ರೆಂಚ್ ಯಾಕೆ ಮುಖ್ಯ ಅಂದೆ ಅಲ್ವಾ? 1991ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಇದ್ದದ್ದು ಕ್ವಿಬೆಕ್ ನಾರ್ಡಿಕ್ಸ್ ತಂಡಕ್ಕೆ. ಲಿಂಡ್ರೋಸ್ ಮುಂಚೆಯೇ ಹೇಳಿದ್ದ, ನನ್ನನ್ನು ಆರಿಸಬೇಡಿ, ನಾನು ಬರುವುದಿಲ್ಲ ಅಂತ. ಅವರು ಆರಿಸಿಯೇ ಬಿಟ್ಟರು. ಅವನು ನಾರ್ಡಿಕ್ಸ್ ಜರ್ಸಿ ತೊಡಲಿಲ್ಲ. ಇಡೀ ಒಂದು ಸೀಸನ್ ಎನ್‌ಎಚ್‌ಎಲ್ ಬಿಟ್ಟು ಹೊರಗೆ ಉಳಿದ. ಒಶಾವಾಗೆ ಮರಳಿದ, ಕೆನಡಾ ತಂಡದ ಜೊತೆ 1992ರ ಒಲಿಂಪಿಕ್ಸ್ ಆಡಿ ಬೆಳ್ಳಿ ತಂದ. ಇದು ಮೊದಲ ಸಲವೂ ಅಲ್ಲ. 1989ರಲ್ಲಿ ಜೂನಿಯರ್ ಲೀಗಿನಲ್ಲಿ ಸೂ ಸೇಂಟ್ ಮರೀ ತಂಡ ಆರಿಸಿದಾಗ ಅಲ್ಲಿಗೂ ಹೋಗಿರಲಿಲ್ಲ. ಫ್ರೆಂಚ್ ಮಾತಾಡುವ ಕ್ವಿಬೆಕ್ ಜನಕ್ಕೆ ಇದು ಬರೀ ಆಟದ ವಿಷಯ ಆಗಿರಲಿಲ್ಲ. ಇಂಗ್ಲಿಷ್ ಮಾತಾಡುವ ಹುಡುಗ ನಮ್ಮ ಊರಿಗೆ, ನಮ್ಮ ಭಾಷೆಗೆ ಬರಲು ಒಪ್ಪಲಿಲ್ಲ ಅಂತ ನೊಂದರು. 1992ರ ಅಕ್ಟೋಬರಿನಲ್ಲಿ ಅವನು ಫಿಲಡೆಲ್ಫಿಯಾ ಫ್ಲೈಯರ್ಸ್ ಪರ ಕ್ವಿಬೆಕ್‌ನಲ್ಲಿ ಆಡಲು ಹೋದಾಗ ಜನ ಮಕ್ಕಳ ಡೈಪರ್ ಕಟ್ಟಿಕೊಂಡು, ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡು ಬಂದು ಅಣಕಿಸಿದರು. ರಿಂಕಿಗೆ ಕೈಗೆ ಸಿಕ್ಕಿದ್ದೆಲ್ಲ ಎಸೆದರು.

ನನ್ನ ಆಫೀಸಿನಲ್ಲಿ ಕ್ವಿಬೆಕ್ ಕಡೆಯ ಹಿರಿಯರೊಬ್ಬರು ಇದ್ದಾರೆ. ಕಾರ್ಡು ತೋರಿಸಿದ ದಿನ ಅವರ ಮುಖವೇ ಬದಲಾಯಿತು. "ಇಷ್ಟೊಂದು ಕಾರ್ಡು ಇರುವಾಗ ಇವನದೇ ಬೇಕಿತ್ತಾ?" ಅಂದರು. ಆಮೇಲೆ ಮಾತಾಡುತ್ತಾ ಹೋದೆವು. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿಗೆ ಬಂದು ಹತ್ತು ವರ್ಷ ಇದ್ದು "ನನಗೆ ಕನ್ನಡ ಯಾಕೆ ಬೇಕು" ಅನ್ನುವವರನ್ನು ಕಂಡರೆ ನನಗೂ ಉರಿಯುತ್ತದೆ. ಹಾಗಾಗಿ ನಾನು ಕ್ವಿಬೆಕ್ ಜನರ ನೋವನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಲಿಂಡ್ರೋಸ್ ಆಮೇಲೆ ಮತ್ತೆ ಮತ್ತೆ ಹೇಳಿದ್ದು ಏನು? ತಕರಾರು ಊರಿನ ಜೊತೆ ಅಲ್ಲ, ಭಾಷೆಯ ಜೊತೆ ಅಲ್ಲ, ತಂಡದ ಮಾಲೀಕನ ಜೊತೆ ಅಂತ. ಅವನು ಮದುವೆಯಾಗಿದ್ದೂ ಕ್ವಿಬೆಕ್ ಕಡೆಯ ಹೆಣ್ಣನ್ನೇ. ನಾನು ಅವನ ಮಾತು ನಂಬುತ್ತೇನೆ. ಹಿರಿಯರು ನಂಬುವುದಿಲ್ಲ. ಆಗಲೇ ಹೇಳಬಹುದಿತ್ತು, ಜನಕ್ಕೆ ಅರ್ಥವಾಗೋ ಹಾಗೆ ಹೇಳಬಹುದಿತ್ತು ಅನ್ನುತ್ತಾರೆ. ಆ ಮಾತಿನಲ್ಲಿ ಸತ್ಯ ಇದೆ.

ಅದಕ್ಕಿಂತ ದೊಡ್ಡ ಪ್ರಶ್ನೆ ನನ್ನದು. ಹದಿನೆಂಟು ವರ್ಷದ ಹುಡುಗನಿಗೆ ನೀನು ಇದೇ ಊರಲ್ಲಿ, ಇದೇ ಮಾಲೀಕನ ಕೈಕೆಳಗೆ ಕೆಲಸ ಮಾಡಬೇಕು ಅಂತ ಹೇಳುವ ಹಕ್ಕು ಲೀಗಿಗೆ ಯಾಕೆ? ಐಪಿಎಲ್ ಹರಾಜಿನಲ್ಲೂ ಹೀಗೇ ಅಲ್ವಾ. ಕೆ.ಎಲ್. ರಾಹುಲ್ ನಮ್ಮ ಆರ್‌ಸಿಬಿಗೆ ಆಡಲಿ ಅಂತ ನಮಗೆ ಆಸೆ, ಅವನು ಪಂಜಾಬಿಗೆ, ದೆಹಲಿಗೆ ಹೋದ. ಆದರೆ ಅದು ವರ್ಷಕ್ಕೆ ಎರಡು ತಿಂಗಳ ಆಟ. ಎನ್‌ಎಚ್‌ಎಲ್ ಡ್ರಾಫ್ಟ್ ಅಂದರೆ ವರ್ಷಗಟ್ಟಲೆ ಬದುಕೇ ಅಲ್ಲಿ. ನಾನು ನನ್ನ ಕೆಲಸ ನಾನೇ ಆರಿಸಿಕೊಂಡು ದೇಶ ಬಿಟ್ಟು ಬಂದಿರೋದು. ಬೇಡ ಅನ್ನಿಸಿದರೆ ಬಿಟ್ಟು ಬೇರೆ ಕಡೆ ಹೋಗಬಹುದು. ನನಗಿರೋ ಆ ಸ್ವಾತಂತ್ರ್ಯವನ್ನು ಅವನು ಕೇಳಿದ್ದಕ್ಕೆ ಅಹಂಕಾರಿ ಅಂತ ನಾನು ಹೇಗೆ ಕರೆಯಲಿ?

ಕೊನೆಗೆ 1992ರ ಜೂನಿನಲ್ಲಿ ಕ್ವಿಬೆಕ್‌ನವರು ಅವನನ್ನು ಎರಡು ತಂಡಗಳಿಗೆ ಮಾರಿದರು, ಫಿಲಡೆಲ್ಫಿಯಾಗೂ ನ್ಯೂಯಾರ್ಕ್ ರೇಂಜರ್ಸ್‌ಗೂ! ಮಧ್ಯಸ್ಥಗಾರ ಕೂತು ವಿಚಾರಣೆ ಮಾಡಿ ಫಿಲಡೆಲ್ಫಿಯಾ ಪರ ತೀರ್ಪು ಕೊಟ್ಟ. ಬದಲಿಗೆ ಕ್ವಿಬೆಕ್‌ಗೆ ಸಿಕ್ಕಿದ್ದು ಪೀಟರ್ ಫೋರ್ಸ್‌ಬರ್ಗ್, ರಾನ್ ಹೆಕ್ಸ್‌ಟಾಲ್, ಮೈಕ್ ರಿಚ್ಚಿ, ಸ್ಟೀವ್ ಡುಶೇನ್, ಇನ್ನೂ ಕೆಲವರು, ಎರಡು ಮೊದಲ ಸುತ್ತಿನ ಆಯ್ಕೆ, ಅದರ ಮೇಲೆ ಒಂದೂವರೆ ಕೋಟಿ ಡಾಲರ್. ಒಂದು ಆಯ್ಕೆಯಲ್ಲಿ ಬಂದ ಗೋಲ್‌ಕೀಪರ್ ಜೋಸಲಿನ್ ತಿಬೋ. ಅವನನ್ನು ಕೊಟ್ಟು 1995ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಿಂದ ಪ್ಯಾಟ್ರಿಕ್ ರುವಾನನ್ನು ತಂದರು. ಅಷ್ಟರಲ್ಲಿ ತಂಡವೇ ಕ್ವಿಬೆಕ್ ಬಿಟ್ಟು ಡೆನ್ವರ್‌ಗೆ ಹೋಗಿ ಕೊಲರಾಡೊ ಅವಲಾಂಚ್ ಆಗಿತ್ತು. 1996ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ ಗೆದ್ದರು, 2001ರಲ್ಲಿ ಮತ್ತೆ. ಹಿರಿಯರಿಗೆ ಇದು ಎರಡನೇ ಗಾಯ. ತಮ್ಮ ತಂಡ ಕಟ್ಟಿದ ಕಪ್ಪು ಬೇರೆ ಊರಿಗೆ ಹೋಯಿತು. ಆ ವಿಷಯ ಬಂದರೆ ನಾನು ವಾದ ಮಾಡುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಆಟದ ವಿಷಯಕ್ಕೆ ಬಂದರೆ ಮಾತ್ರ ಬಿಟ್ಟುಕೊಡುವುದಿಲ್ಲ. ಮೊದಲ ಸೀಸನ್ನಿನಲ್ಲಿ 61 ಪಂದ್ಯ, 41 ಗೋಲು. 1994-95ರಲ್ಲಿ, ಮಾಲೀಕರು ಆಟ ನಿಲ್ಲಿಸಿದ ಲಾಕೌಟಿನಿಂದ ಸೀಸನ್ ಅರ್ಧಕ್ಕೆ ಇಳಿದಾಗ, 46 ಪಂದ್ಯಗಳಲ್ಲಿ 70 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ನೆರವಾದ ಪಾಸ್ ಎರಡೂ ಸೇರಿ). ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಆ ವರ್ಷ ಅವನದೇ. ಜಾನ್ ಲೆಕ್ಲೇರ್, ಮೈಕಲ್ ರೆನ್‌ಬರ್ಗ್ ಜೊತೆ ಮುಂದೆ ಆಡುವ ಅವನ ಮೂವರ ಜೋಡಣೆಗೆ, ಅಂದರೆ ಲೈನಿಗೆ, "ಲೀಜನ್ ಆಫ್ ಡೂಮ್" ಅಂತ ಹೆಸರು. ಹಳೆ ವಿಡಿಯೊ ನೋಡಿ. ಅವನು ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಹಿಡಿದು ನಡುವಿನಲ್ಲಿ ಬರುವಾಗ ಎದುರಾಳಿ ಡಿಫೆನ್ಸ್‌ನವರು ಹಿಂದೆ ಹಿಂದೆ ಸರಿಯುತ್ತಾರೆ. ಒಟ್ಟು 760 ಪಂದ್ಯ, 372 ಗೋಲು, 865 ಪಾಯಿಂಟ್. ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ. ಕಪ್ ಗೆಲ್ಲಲಿಲ್ಲ ಅನ್ನುತ್ತಾರೆ. ಹೌದು, 1997ರ ಫೈನಲ್‌ನಲ್ಲಿ ಡೆಟ್ರಾಯ್ಟ್ 4-0ಯಿಂದ ಸೋಲಿಸಿತು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಅವನು ಕೆನಡಾ ನಾಯಕ, ಸೆಮಿಫೈನಲ್ ಶೂಟೌಟಿನಲ್ಲಿ ಅವನ ಹೊಡೆತ ಗೋಲ್ ಕಂಬಕ್ಕೆ ಬಡಿಯಿತು. ಅವತ್ತು ಆ ಶೂಟೌಟಿನಲ್ಲಿ ಕೆನಡಾದ ಯಾರೂ ಎದುರಾಳಿ ಗೋಲ್‌ಕೀಪರ್ ಹಾಶೆಕ್‌ಗೆ ಗೋಲು ಹೊಡೆಯಲಿಲ್ಲ. ಆದರೆ ಜನಕ್ಕೆ ನೆನಪಿರುವುದು ನಾಯಕ ಮಾತ್ರ.

ಈಗ ನನಗೆ ನಿಜವಾಗಿ ನೋವಾಗುವ ಭಾಗ. ತಲೆಗೆ ಬಿದ್ದ ಪೆಟ್ಟುಗಳು. ಅವನ ತಮ್ಮ ಬ್ರೆಟ್ ಕೂಡ ಎನ್‌ಎಚ್‌ಎಲ್ ಆಟಗಾರ, ತಲೆಪೆಟ್ಟಿನಿಂದಲೇ 20ನೇ ವಯಸ್ಸಿಗೆ, 1996ರಲ್ಲಿ ಆಟ ಬಿಟ್ಟ. 1998ರ ಮಾರ್ಚಿನಲ್ಲಿ ಎರಿಕ್‌ಗೆ ಕನ್ಕಶನ್, ಅಂದರೆ ಮಿದುಳಿಗೆ ಪೆಟ್ಟು, ಆಯಿತು, ಆಮೇಲೆ ಒಂದರ ಹಿಂದೆ ಒಂದು. 2000ದಲ್ಲಿ ತಂಡದ ವೈದ್ಯಕೀಯ ಸಿಬ್ಬಂದಿ ತನ್ನ ಕನ್ಕಶನ್ ಗುರುತಿಸಲಿಲ್ಲ ಅಂತ ಬಹಿರಂಗವಾಗಿ ಹೇಳಿದ. ನಾಯಕತ್ವ ಕಿತ್ತುಕೊಂಡರು. ಅದೇ ವರ್ಷ ಮೇ 26, ನ್ಯೂಜೆರ್ಸಿ ಡೆವಿಲ್ಸ್ ವಿರುದ್ಧ ಪ್ಲೇಆಫ್ ಸರಣಿಯ ಏಳನೇ ಪಂದ್ಯ. ಲಿಂಡ್ರೋಸ್ ತಲೆ ತಗ್ಗಿಸಿ ಪಕ್ ತಗೊಂಡು ನಡುವಿಗೆ ಬಂದ, ಡೆವಿಲ್ಸ್‌ನ ಸ್ಕಾಟ್ ಸ್ಟೀವನ್ಸ್ ಭುಜದಿಂದ ಗುದ್ದಿದ. ಲಿಂಡ್ರೋಸ್ ಐಸ್ ಮೇಲೆ ಬಿದ್ದವನು ಮತ್ತೆ ಫ್ಲೈಯರ್ಸ್ ಪರ ಆಡಲಿಲ್ಲ. ಆಗಿನ ನಿಯಮದಲ್ಲಿ ಆ ಗುದ್ದು ತಪ್ಪಲ್ಲ. ತಲೆಗೆ ಗುರಿ ಇಟ್ಟು ಪಕ್ಕದಿಂದ ಗುದ್ದುವುದನ್ನು ಲೀಗು ನಿಷೇಧಿಸಿದ್ದು 2010ರಲ್ಲಿ. ಹತ್ತು ವರ್ಷ ತಡ.

ಆ ವಿಡಿಯೊವನ್ನು ಜನ ಇವತ್ತಿಗೂ "ಸೂಪರ್ ಹಿಟ್" ಅಂತ ಹಂಚಿಕೊಳ್ಳುತ್ತಾರೆ. "ತಲೆ ಎತ್ತಿ ಆಡಬೇಕಿತ್ತು" ಅನ್ನುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ಅವನು ಮೆತ್ತಗಿನವನು, ಸಣ್ಣ ಪೆಟ್ಟಿಗೆ ಮನೆ ಸೇರುತ್ತಿದ್ದ ಅನ್ನುತ್ತಾರೆ. ಇದನ್ನು ಕೇಳಿದರೆ ನನಗೆ ತಡೆಯುವುದಿಲ್ಲ. ಅಷ್ಟು ಪೆಟ್ಟು ತಿಂದ ಮೇಲೂ ಅವನು ರೇಂಜರ್ಸ್‌ಗೆ ಬಂದು 2001-02ರಲ್ಲಿ 37 ಗೋಲು ಹೊಡೆದ, 2002ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕೆನಡಾ ತಂಡದಲ್ಲಿದ್ದ. ನನಗೆ ಸರಿಯಿಲ್ಲ, ನನ್ನ ತಲೆಯಲ್ಲಿ ಏನೋ ಆಗುತ್ತಿದೆ ಅಂತ ಹೇಳಲು ಆ ಕಾಲದ ಡ್ರೆಸ್ಸಿಂಗ್ ರೂಮಿನಲ್ಲಿ ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. ಇವತ್ತು ಮಕ್ಕಳ ತಂಡದಲ್ಲೂ ತಲೆಗೆ ಪೆಟ್ಟು ಬಿದ್ದರೆ ಆಟದಿಂದ ಹೊರಗೆ ಕಳಿಸುತ್ತಾರೆ. ಒಂಟಾರಿಯೊದಲ್ಲಿ ಅದಕ್ಕೆ ರೋವನ್ಸ್ ಲಾ ಅನ್ನೋ ಕಾನೂನೇ 2018ರಲ್ಲಿ ಬಂತು. ಅದರ ಪರ ದನಿ ಎತ್ತಿದವರಲ್ಲಿ ಲಿಂಡ್ರೋಸ್ ಒಬ್ಬ. 2007ರಲ್ಲಿ ನಿವೃತ್ತಿ ಹೇಳಿದಾಗ ಹುಟ್ಟೂರು ಲಂಡನ್ನಿನ ಆಸ್ಪತ್ರೆಗೆ 50 ಲಕ್ಷ ಡಾಲರ್ ಕೊಟ್ಟ. ಸ್ವಾರ್ಥಿ ಅನ್ನುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಹಾಕಿ ದಿಗ್ಗಜರನ್ನು ಸೇರಿಸುವ ಹಾಲ್ ಆಫ್ ಫೇಮ್‌ಗೆ ಅರ್ಹತೆ ಬಂದಿದ್ದು 2010ಕ್ಕೆ, ಒಳಗೆ ಬಿಟ್ಟಿದ್ದು 2016ಕ್ಕೆ. ಅವನ ಬದಲಿಗೆ ಹೋದ ಫೋರ್ಸ್‌ಬರ್ಗ್ 2014ಕ್ಕೇ ಒಳಗಿದ್ದ. ಫೋರ್ಸ್‌ಬರ್ಗ್‌ಗೆ 708 ಪಂದ್ಯದಲ್ಲಿ 885 ಪಾಯಿಂಟ್, ಎರಡು ಕಪ್. ಹಿರಿಯರು ಈ ಅಂಕಿ ನನ್ನ ಮುಂದೆ ಇಡುತ್ತಾರೆ, ನಾನು ಒಪ್ಪುತ್ತೇನೆ, ಫೋರ್ಸ್‌ಬರ್ಗ್ ಅದ್ಭುತ ಆಟಗಾರ. ಆದರೆ ಇಬ್ಬರೂ ತಮ್ಮ ಪೂರ್ತಿ ಶಕ್ತಿಯಲ್ಲಿ ಆಡಿದ ವರ್ಷಗಳನ್ನು ಮಾತ್ರ ತಗೊಂಡರೆ, 1994ರಿಂದ 1997ರ ವರೆಗಿನ ಲಿಂಡ್ರೋಸ್‌ನನ್ನೇ ನಾನು ಮೊದಲು ಆರಿಸುತ್ತೇನೆ. ಫ್ಲೈಯರ್ಸ್ ಕೂಡ 2018ರ ಜನವರಿಯಲ್ಲಿ ಅವನ 88ನೇ ನಂಬರನ್ನು ಇನ್ನು ಯಾರಿಗೂ ಕೊಡದ ಹಾಗೆ ನಿವೃತ್ತಿ ಮಾಡಿ ಮೇಲೆ ನೇತುಹಾಕಿತು. ಅಷ್ಟು ಕೆಟ್ಟು ಹೋಗಿದ್ದ ಸಂಬಂಧ ಸರಿಹೋಯಿತು.

ಇಷ್ಟಾದರೂ 440ರ ಬೆಲೆ ಏರಲಿಲ್ಲ. ಹಾಲ್ ಆಫ್ ಫೇಮ್ ಸುದ್ದಿ ಬಂದರೆ ಕಾರ್ಡು ಏರುತ್ತದೆ ಅಂತ ಕೂಡಿಟ್ಟವರಿಗೆ ನಿರಾಸೆ ಆಗಿರಬೇಕು. ಬೆಲೆ ನಿಂತಿರೋದು ಎಷ್ಟು ಅಚ್ಚಾಗಿದೆ ಅನ್ನುವುದರ ಮೇಲೆ. ಬೆಲೆ ನೋಡಿ "ಇವನು ಫೇಲ್ ಆದ" ಅಂತ ತೀರ್ಪು ಕೊಡುವವರನ್ನು ಎಕ್ಸ್‌ಪೋದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅದೇ ಕಾಲದ ದೊಡ್ಡ ಆಟಗಾರರಾದ ಯಾಗರ್, ಫೆಡೊರೊವ್ ಅವರ ಸ್ಕೋರ್ ಕಾರ್ಡುಗಳೂ ಅದೇ ಡಬ್ಬದಲ್ಲಿ ಬಿದ್ದಿವೆ. ಅವರನ್ನು ಫೇಲ್ ಅಂತ ಯಾರೂ ಅನ್ನುವುದಿಲ್ಲ.

ಕೊಳ್ಳಬೇಕು ಅನ್ನಿಸಿದರೆ ನನ್ನ ಸಲಹೆ ಇದು. ದುಡ್ಡು ಬೆಳೆಯುತ್ತದೆ ಅಂತ ತಗೊಳ್ಳಬೇಡಿ. ಒಂದೇ ಕಾರ್ಡು ಕೊಳ್ಳುವ ಬದಲು ಪೂರ್ತಿ ಸೆಟ್ಟು ಕೊಳ್ಳಿ. ಬೆಲೆ ಜಾಸ್ತಿ ಆಗುವುದಿಲ್ಲ, ಯಾಗರ್, ಬ್ರಡೂರ್ ಕೂಡ ಅದರಲ್ಲೇ ಸಿಗುತ್ತಾರೆ, ಕಾರ್ಡು ಕೂಡ ಬಿಡಿ ಪ್ರತಿಗಿಂತ ಚೆನ್ನಾಗಿರುತ್ತದೆ. ಬಿಚ್ಚದ ಫ್ಯಾಕ್ಟರಿ ಸೆಟ್ಟು ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಲಿಂಡ್ರೋಸ್‌ನದೇ ಕೆಲವು ಬೋನಸ್ ಕಾರ್ಡುಗಳನ್ನು ಸೇರಿಸಿದ್ದರು. ಹಿಂಭಾಗ ನೋಡಿ, ಫ್ರೆಂಚ್ ಇದೆಯಾ ಇಲ್ಲವಾ ಅಂತ ನೋಡಿಯೇ ದುಡ್ಡು ಕೊಡಿ.

ನಾನು ಈಗ ಹುಡುಕುತ್ತಿರೋದು ಒಶಾವಾ ಕಾಲದ್ದು. ಸೆವೆಂತ್ ಇನ್ನಿಂಗ್ ಸ್ಕೆಚ್ ಅನ್ನೋ ಕಂಪನಿ ಆಗ ಒಂಟಾರಿಯೊ ಜೂನಿಯರ್ ಲೀಗಿನ ಸೆಟ್ಟು ತಂದಿತ್ತು, ಅದರಲ್ಲಿ ಅವನಿದ್ದಾನೆ. ಒಶಾವಾ, ಏಜಾಕ್ಸ್, ವಿಟ್ಬಿ ಕಡೆ ಇರೋ ಕನ್ನಡದವರು ಯಾರಾದರೂ ಅಕ್ಕಪಕ್ಕದ ಗ್ಯಾರೇಜ್ ಸೇಲ್‌ನಲ್ಲಿ ಅದನ್ನು ಕಂಡರೆ, ಸೆಂಟರಿಂಗ್ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಪರವಾಗಿಲ್ಲ, ದಯವಿಟ್ಟು ನನಗೆ ಹೇಳಿ.